ಸಮ್ಮರ್ ಹೈಟ್ಸ್ ಹೈ: ಮಗ ಸರಿಯೋ, ಅಮ್ಮ ಸರಿಯೋ?

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಮುಜುಗರವೂ ಆಯ್ತು. ಮೆಲ್ಬರ್ನ್‌ನಲ್ಲಿ ಒಂಬತ್ತನೇ ಕ್ಲಾಸ್ ಓದುತ್ತಿರುವ ನಿಮ್ಮ ಮಗ 'ಸಮ್ಮರ್ ಹೈಟ್ಸ್ ಹೈ' ನೋಡಿಕೊಂಡು ಬಿದ್ದು ಬಿದ್ದು ನಗ್ತಾನೆ. ನೀವು ಹಿಂದೆ ನಿಂತು ಎರಡು ದೃಶ್ಯ ನೋಡಿ 'ಇದು ಅಪ್ಪಟ ರೇಸಿಸಂ' ಅಂದಿರಿ. ಅವನು 'ಅಮ್ಮಾ, ಇದು ರೇಸಿಸಂ ಮಾಡೋರನ್ನ ಆಡಿಕೊಳ್ಳೋ ಕಾಮಿಡಿ, ನಿಂಗೆ ಗೊತ್ತಾಗಲ್ಲ' ಅಂದ. ಯಾರು ಸರಿ ಅಂತ ಕೇಳಿದ್ದೀರಿ. ಮುಜುಗರ ಯಾಕೆ ಅಂದ್ರೆ, ಅದು ಮೊದಲು ಪ್ರಸಾರವಾದ 2007ರಲ್ಲಿ ನಾನು ಅದೇ ಊರಲ್ಲಿ ಓದ್ತಾ ಇದ್ದೆ. ನಿಮ್ಮ ಮಗ ಎಷ್ಟು ನಗ್ತಾನೋ ಅಷ್ಟೇ ನಕ್ಕಿದ್ದೆ.

ನೋಡದವರಿಗೆ ಒಂದೆರಡು ಮಾತು. ಆಸ್ಟ್ರೇಲಿಯಾದ ಎಬಿಸಿ ವಾಹಿನಿಯ ಎಂಟು ಕಂತಿನ ಧಾರಾವಾಹಿ ಇದು. ಸರ್ಕಾರಿ ಹೈಸ್ಕೂಲೊಂದರ ಮೇಲೆ ತೆಗೆದ ಸಾಕ್ಷ್ಯಚಿತ್ರದ ವೇಷದಲ್ಲಿದೆ. ಬರೆದವನು ಕ್ರಿಸ್ ಲಿಲ್ಲಿ, ಮೂರು ಮುಖ್ಯ ಪಾತ್ರ ಮಾಡಿದವನೂ ಅವನೇ. ಒಬ್ಬ ತಾನೇ ಜಗತ್ಪ್ರಸಿದ್ಧ ಅಂದುಕೊಂಡಿರುವ ನಾಟಕದ ಮೇಷ್ಟ್ರು ಮಿಸ್ಟರ್ ಜಿ, ಇನ್ನೊಬ್ಬಳು ದುಬಾರಿ ಖಾಸಗಿ ಶಾಲೆಯಿಂದ ಇಲ್ಲಿಗೆ ಬಂದ ಜೇಮಿ, ಮೂರನೆಯವನು ಎಂಟನೇ ಕ್ಲಾಸಿನ ಟೊಂಗನ್ ಹುಡುಗ ಜೋನಾ ತಕಲುವಾ. ಟೊಂಗಾ ಪೆಸಿಫಿಕ್‌ನ ದ್ವೀಪರಾಜ್ಯ. ಇಡೀ ದೇಶದ ಜನ ಸೇರಿದರೂ ಹೆಚ್ಚುಕಡಿಮೆ ನಮ್ಮ ಚಿಕ್ಕಮಗಳೂರು ಪಟ್ಟಣದಷ್ಟು. ಚಿತ್ರೀಕರಣ ನಡೆದದ್ದು ಮೆಲ್ಬರ್ನ್‌ನ ನಿಜವಾದ ಶಾಲೆಯೊಂದರಲ್ಲಿ. ಪ್ರಿನ್ಸಿಪಾಲ್ ಪಾತ್ರ ಮಾಡಿದಾಕೆ ನಿಜಜೀವನದಲ್ಲೂ ಪ್ರಿನ್ಸಿಪಾಲ್ ಆಗಿದ್ದವರು. ಅದಕ್ಕೇ ಅಷ್ಟು ಸಹಜವಾಗಿ ಕಾಣುತ್ತೆ, ಅದಕ್ಕೇ ಅಷ್ಟು ಚುಚ್ಚುತ್ತೆ.

ಮೊದಲು ನಿಮ್ಮ ಮಗನ ಪರ ವಾದ ಮಾಡ್ತೀನಿ.

ಜೇಮಿ ಮೊದಲ ದಿನವೇ ಅಸೆಂಬ್ಲಿಯಲ್ಲಿ ಮೈಕ್ ಹಿಡಿದು, ಖಾಸಗಿ ಶಾಲೆಯವರು ಯೂನಿವರ್ಸಿಟಿ ಸೇರ್ತಾರೆ, ಹೆಂಡತಿಗೆ ಹೊಡೆಯೋರು, ಅತ್ಯಾಚಾರ ಮಾಡೋರು ಬಹುತೇಕ ಸರ್ಕಾರಿ ಶಾಲೆಯವರು ಅಂತ ಆ ಮಕ್ಕಳ ಮುಖಕ್ಕೇ ಹೇಳ್ತಾಳೆ. ಅದೂ ಉಪಕಾರ ಮಾಡ್ತಿದ್ದೀನಿ ಅನ್ನೋ ನಗುಮುಖದಲ್ಲಿ. ಇದೇ ಹುಡುಗಿ, ಲಿಲ್ಲಿ 2005ರಲ್ಲಿ ಮಾಡಿದ ಇನ್ನೊಂದು ಧಾರಾವಾಹಿಯಲ್ಲಿ, 85 ಸುಡಾನಿ ಮಕ್ಕಳಿಗೆ ದುಡ್ಡು ಕಟ್ಟಿ, ಅದನ್ನೇ ಪದಕದ ಹಾಗೆ ಎದೆಗೆ ಚುಚ್ಚಿಕೊಂಡು ತಿರುಗಿದವಳು. ದಾನ ಮತ್ತು ತಿರಸ್ಕಾರ ಒಂದೇ ಬಾಯಲ್ಲಿ ಹೇಗೆ ಇರುತ್ತವೆ ಅಂತ ಇಷ್ಟು ಚೆನ್ನಾಗಿ ತೋರಿಸಿದ ಪಾತ್ರ ನಾನು ಇನ್ನೊಂದು ಕಂಡಿಲ್ಲ. ಇಲ್ಲಿ ನಗು ಬೀಳೋದು ಜೇಮಿಯ ಮೇಲೆ, ಅನುಮಾನವೇ ಇಲ್ಲ.

ಜೋನಾನ ಕಡೆ ಬಂದರೂ ಬರವಣಿಗೆ ಮೊಂಡಾಗಿಲ್ಲ. 'ಪಾಲಿನೀಷಿಯನ್ ಪಾಥ್‌ವೇಸ್' ಅಂತ ಒಂದು ಯೋಜನೆ ಬರುತ್ತೆ. ಟೊಂಗಾದಂಥ ಪೆಸಿಫಿಕ್ ದ್ವೀಪಗಳ ಮಕ್ಕಳು ದಾರಿ ತಪ್ಪದಿರಲಿ ಅಂತ ಶಾಲೆಯ ಕಲ್ಯಾಣಾಧಿಕಾರಿ ಡಗ್ ಅವರನ್ನೆಲ್ಲ ಒಂದು ಕಡೆ ಸೇರಿಸ್ತಾನೆ. ಅವರ ಸಂಸ್ಕೃತಿಯನ್ನ ಅವರಿಗೇ ಕಲಿಸೋಕೆ ಹೊರಟವನು ಒಬ್ಬ ಬಿಳಿಯ. ಒಳ್ಳೆಯ ಮನುಷ್ಯ, ತಾಳ್ಮೆಯೂ ಇದೆ. ಆದರೆ ಜೋನಾಗೆ ಇರೋ ಕಾಯಿಲೆ ಬೇರೆ: ಅವನಿಗೆ ಓದೋಕೆ ಸರಿಯಾಗಿ ಬರಲ್ಲ. ಅದು ಗೊತ್ತಿರೋದು 'ಗಮ್‌ನಟ್ ಕಾಟೇಜ್' ಅನ್ನೋ ಪುಟ್ಟ ಕೋಣೆಯ ಟೀಚರಮ್ಮನಿಗೆ. ಹಿಂದುಳಿದ ಮಕ್ಕಳಿಗೆ ಓದು ಹೇಳಿಕೊಡೋ ಜಾಗ ಅದು. ಅಲ್ಲಿ ಕೂತಾಗ ಜೋನಾ ಬೇರೆಯೇ ಹುಡುಗ. ಕ್ಲಾಸಿನಲ್ಲಿ ಟೀಚರ್ ಮುಖಕ್ಕೆ ಬೈಗುಳ ಎಸೆದು, ಬೈಗುಳದ ಮೊದಲ ಅಕ್ಷರ ಬದಲಾಯಿಸಿ 'ಪ ಅಂದೆ ಮಿಸ್, ಪ' ಅಂತ ವಾದ ಮಾಡೋ ಅದೇ ಪೋರ ಇಲ್ಲಿ ಅಕ್ಷರದ ಮೇಲೆ ಬೆರಳಿಟ್ಟು ಓದ್ತಾನೆ. ಕೊನೆಗೆ ಶಾಲೆಯಿಂದ ಹೊರಹಾಕಿ ಟೊಂಗಾಕ್ಕೆ ಸಾಗಿಸುವಾಗ ನನಗೆ ನಗು ನಿಂತುಹೋಗಿತ್ತು.

ಇನ್ನೊಂದು ಎಳೆ ಇದೆ, ನನ್ನ ಪ್ರಕಾರ ಇಡೀ ಧಾರಾವಾಹಿಯಲ್ಲಿ ಅತ್ಯಂತ ಚುರುಕಾದದ್ದು. ಜೋನಾ ಮತ್ತು ಅವನ ಪಟಾಲಂ ಕೆಂಗೂದಲಿನ ಚಿಕ್ಕ ಹುಡುಗರನ್ನ ಗೋಳು ಹುಯ್ಕೊಳ್ತಾರೆ. ಅವರನ್ನ ಕರೆಯೋದು 'ರ‍್ಯಾಂಗ' ಅಂತ, ಒರಾಂಗುಟಾನ್ ಅನ್ನೋ ಕೆಂಪು ಕೂದಲಿನ ವಾನರನಿಂದ ಬಂದ ಪದ. ಧಾರಾವಾಹಿ ಎಷ್ಟು ಓಡಿತು ಅಂದ್ರೆ ದೇಶದ ತುಂಬ ಇದೇ ಮಾತು. ರಂಗನಾಥ, ರಂಗಸ್ವಾಮಿ ಅಂತ ಹೆಸರಿರೋ ನಮ್ಮವರು ಆಗ 'ಜಸ್ಟ್ ಕಾಲ್ ಮಿ ರಂಗ' ಅಂದು ಕೈಕುಲುಕಿದರೆ ಎದುರಿನವರು ತುಟಿ ಕಚ್ಚಿಕೊಳ್ತಿದ್ದರು. ಇರಲಿ. ತನ್ನನ್ನ ಬಣ್ಣ ನೋಡಿ ಅಳೀತಾರೆ ಅಂತ ದೂರುವ ಹುಡುಗ, ಕೂದಲ ಬಣ್ಣ ನೋಡಿ ಇನ್ನೊಬ್ಬನನ್ನ ತುಳೀತಾನೆ. ಆ ಶಾಲೆಯ ಅಂಗಳದಲ್ಲಿ ಎಲ್ಲರಿಗೂ ಕೆಳಗೊಬ್ಬ ಬೇಕು. ನಮ್ಮೂರ ಹೈಸ್ಕೂಲಿನ ಪ್ರತಿ ಕ್ಲಾಸಿನಲ್ಲೂ ಒಬ್ಬ 'ಕರಿಯ' ಇರ್ತಿದ್ದ, ನೆನಪಿದೆಯಾ? ಹಾಜರಿ ಪುಸ್ತಕದಲ್ಲಿ ಅವನ ಹೆಸರು ಏನಿತ್ತು ಅಂತ ನನಗೆ ಈಗ ನೆನಪಾಗ್ತಾ ಇಲ್ಲ.

ಈಗ ನಿಮ್ಮ ಪರ.

ಕೆಂಗೂದಲಿನ ಪಾತ್ರಕ್ಕೆ ಕೆಂಗೂದಲಿನ ಹುಡುಗನೇ ಸಿಕ್ಕ. ಟೊಂಗನ್ ಹುಡುಗನ ಪಾತ್ರಕ್ಕೆ ಮಾತ್ರ ಮೂವತ್ತು ದಾಟಿದ ಬಿಳಿಯನೊಬ್ಬ ಗುಂಗುರು ವಿಗ್ ಹಾಕಿ, ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ. ತಮಾಷೆ ನೋಡಿ, ಜೋನಾನ ಗೆಳೆಯರ ಪಾತ್ರದಲ್ಲಿರೋರು ನಿಜವಾದ ದ್ವೀಪದ ಹುಡುಗರು. ಅವನ ಪಕ್ಕದಲ್ಲೇ ಕೂತಿದ್ದಾರೆ, ಬೆನ್ನು ತಟ್ಟಿ ನಗ್ತಾರೆ, ಮಾತು ಮಾತ್ರ ಕಡಿಮೆ. 2007ರಲ್ಲಿ ನನಗೆ ಇದು ಕಣ್ಣಿಗೇ ಬಿದ್ದಿರಲಿಲ್ಲ. ಜೇಮಿ ಪಾತ್ರಕ್ಕೆ ಗಂಡಸು ಸ್ಕರ್ಟ್ ಹಾಕಿದ್ದಾನಲ್ಲ, ಅದೂ ವೇಷ ಇದೂ ವೇಷ ಅಂತ ಆಗ ನಾನು ವಾದ ಮಾಡ್ತಿದ್ದೆ. ಆ ವಾದ ಹೇಗೆ ಬಿದ್ದುಹೋಯ್ತು ಅಂತ ಹೇಳ್ತೀನಿ.

ಓದಿನ ಜೊತೆ ರಾತ್ರಿ ಪಾಳಿಯಲ್ಲಿ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸೋ ಕೆಲಸ ಮಾಡ್ತಿದ್ದೆ. ಅಲ್ಲಿ ಒಬ್ಬ ಟೊಂಗನ್ ಹುಡುಗ ಇದ್ದ. ಆಳು ಬಾಗಿಲಷ್ಟು ಅಗಲ, ಮಾತು ಮೆಲ್ಲಗೆ, ಭಾನುವಾರ ಚರ್ಚ್ ಅಂದರೆ ಯಾವ ಓವರ್‌ಟೈಮಿಗೂ ಬರ್ತಿರಲಿಲ್ಲ. ಧಾರಾವಾಹಿ ಶುರುವಾಗಿ ಎರಡು ವಾರಕ್ಕೆ ಸೂಪರ್‌ವೈಸರ್ ಅವನನ್ನ 'ಜೋನಾ' ಅಂತ ಕರೆಯೋಕೆ ಶುರುಮಾಡಿದ. ಫೋರ್ಕ್‌ಲಿಫ್ಟ್‌ನವನೂ ಹಾಗೇ ಕರೆದ. ಇವನು ಏನೂ ಅನ್ನಲಿಲ್ಲ. ಒಂದು ದಿನ ದಪ್ಪ ಮಾರ್ಕರ್‌ನಲ್ಲಿ ತನ್ನ ಹೆಸರನ್ನ ಕಿತ್ತಳೆ ಜಾಕೆಟ್ಟಿನ ಎದೆ ಮೇಲೆ ಅಂಗೈ ಉದ್ದ ಬರ್ಕೊಂಡು ಬಂದ. ಅದನ್ನ ನೋಡಿಕೊಂಡೇ ಸೂಪರ್‌ವೈಸರ್ 'ಜೋನಾ, ಆರನೇ ಸಾಲಿಗೆ ಹೋಗು' ಅಂದ.

ನಾನೂ ಕರೆದೆ, ಸುಳ್ಳು ಯಾಕೆ ಹೇಳಲಿ. ಎಲ್ಲರೊಳಗೊಬ್ಬನಾಗೋ ಆಸೆ. ಟೀ ವಿರಾಮದಲ್ಲಿ 'ಏನ್ ಜೋನಾ, ಸಕ್ಕರೆ ಎಷ್ಟು?' ಅಂದೆ. ಅವನು ಕಪ್ಪಿನಿಂದ ತಲೆ ಎತ್ತದೆ 'ಎರಡು, ಅಪು' ಅಂದ.

ನಮಗೆ ಅಪ್ಪು ಅಂದರೆ ಪುನೀತ್. ಅವನ ಬಾಯಲ್ಲಿ ಅದು 'ದಿ ಸಿಂಪ್ಸನ್ಸ್' ಕಾರ್ಟೂನಿನ ಇಂಡಿಯನ್ ಅಂಗಡಿಯವನು. ಆ ಎಳೆದೆಳೆದು ಮಾತಾಡೋ ದನಿ ಹ್ಯಾಂಕ್ ಅಜಾರಿಯಾ ಅನ್ನೋ ಬಿಳಿಯ ನಟನದ್ದು, 2020ರಲ್ಲಿ ಅವನೇ ಆ ಪಾತ್ರ ಬಿಟ್ಟ. ಇಬ್ಬರೂ ನಕ್ಕೆವು. ಇಬ್ಬರಿಗೂ ನಗು ಬಂದಿರಲಿಲ್ಲ. ಅವತ್ತಿಂದ ಅವನ ಹೆಸರು ಹಿಡಿದೇ ಕರೆದೆ. ಉಚ್ಚಾರಣೆ ಬರೋಕೆ ನಾಲ್ಕು ದಿನ ಹಿಡೀತು.

ಜೇಮಿಯನ್ನ ನೋಡಿದ ಮೇಲೆ ಯಾರೂ ಬೀದಿಯಲ್ಲಿ ಹೋಗೋ ಶ್ರೀಮಂತ ಬಿಳಿ ಹುಡುಗಿಯನ್ನ ಜೇಮಿ ಅಂತ ಕೂಗಿ ಕೆಲಸಕ್ಕೆ ಅಟ್ಟಲಿಲ್ಲ. ಕೂಗಿದ್ದರೂ ಅವಳಿಗೆ ಹೋಗೋದೇನೂ ಇರಲಿಲ್ಲ. ನನ್ನ 'ಅದೂ ವೇಷ ಇದೂ ವೇಷ' ವಾದ ಅಲ್ಲಿಗೆ ಮುಗೀತು.

ಆಮೇಲಿನ ಕತೆ ಬೇಗ ಹೇಳಿಬಿಡ್ತೀನಿ. 2014ರಲ್ಲಿ ಜೋನಾ ಪಾತ್ರವನ್ನೇ ಇಟ್ಟುಕೊಂಡು 'ಜೋನಾ ಫ್ರಂ ಟೊಂಗಾ' ಅಂತ ಇನ್ನೊಂದು ಧಾರಾವಾಹಿ ಬಂತು. ಬಣ್ಣ ಬಳಿದುಕೊಂಡವನಿಗೆ ಆಗಲೇ ನಲವತ್ತು ಹತ್ತಿರ. ಗಮ್‌ನಟ್ ಕಾಟೇಜಿನ ಆ ಮೃದುತ್ವ ಬಹುಪಾಲು ಕಾಣೆ, ಉಳಿದದ್ದು ಗದ್ದಲ. ಟೊಂಗನ್ ಯುವಕರು 'ನನ್ನ ಹೆಸರು ಜೋನಾ ಅಲ್ಲ' ಅಂತ ಹ್ಯಾಶ್‌ಟ್ಯಾಗ್ ಹಿಡಿದು ತಮ್ಮ ತಮ್ಮ ಹೆಸರು, ಓದು, ಕೆಲಸ ಹೇಳಿಕೊಂಡರು. ನನಗೆ ಆ ಕಿತ್ತಳೆ ಜಾಕೆಟ್ಟು ನೆನಪಾಯ್ತು. 2017ರಲ್ಲಿ ನ್ಯೂಜಿಲೆಂಡಿನ ಮೂಲನಿವಾಸಿಗಳ ವಾಹಿನಿ ಮಾವೊರಿ ಟೆಲಿವಿಷನ್ ಆ ಧಾರಾವಾಹಿಯನ್ನ ಹಾಕೋಕೆ ಹೋಗಿ, ಟೀಕೆ ಬಂದ ಮೇಲೆ ನಿಲ್ಲಿಸಿತು. 2020ರ ಜೂನ್‌ನಲ್ಲಿ, ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನೋ ಕಪ್ಪು ಮನುಷ್ಯ ಪೊಲೀಸರ ಕೈಯಲ್ಲಿ ಸತ್ತ ನಂತರ, ನೆಟ್‌ಫ್ಲಿಕ್ಸ್ ಆಸ್ಟ್ರೇಲಿಯಾದಲ್ಲಿ ಲಿಲ್ಲಿಯ ನಾಲ್ಕು ಧಾರಾವಾಹಿ ತೆಗೆದುಹಾಕಿತು, 'ಸಮ್ಮರ್ ಹೈಟ್ಸ್ ಹೈ' ಕೂಡ. ನಿಮ್ಮ ಮಗನಿಗೆ ಎಲ್ಲಿ ಸಿಕ್ಕಿತೋ. ಈಗಿನ ಹುಡುಗರಿಗೆ ಸಿಗದೇ ಇರೋದು ಏನಿದೆ ಬಿಡಿ.

ತೆಗೆದುಹಾಕಿದ್ದು ನನಗೆ ಅಷ್ಟೇನೂ ಸರಿ ಅನಿಸಲ್ಲ. ಯಾಕಂದ್ರೆ ಪೂರ್ತಿ ಧಾರಾವಾಹಿ ಹೋಯ್ತು, ತುಣುಕುಗಳು ಉಳಿದವು. ಜೋನಾ ಬೈಯೋದು, ಗೋಡೆ ಮೇಲೆ ಅಶ್ಲೀಲ ಚಿತ್ರ ಗೀಚೋದು, ಕುಣಿಯೋದು, ಎಲ್ಲ ಒಂದೊಂದು ನಿಮಿಷದ ವಿಡಿಯೋಗಳಾಗಿ ಓಡಾಡ್ತವೆ. ಓದೋಕೆ ಬರದ ಹುಡುಗನನ್ನ ಶಾಲೆ ಕೈಬಿಟ್ಟ ಭಾಗ ಯಾರು ಕತ್ತರಿಸಿ ಹಂಚ್ತಾರೆ? ನಿಮ್ಮ ಮಗ ನೋಡ್ತಿರೋದು ಆ ತುಣುಕುಗಳಾದರೆ ನೀವೇ ಸರಿ. ಎಂಟೂ ಕಂತು ನೋಡಿದ್ದರೆ ಅವನ ಮಾತಿನಲ್ಲೂ ಅರ್ಧಕ್ಕಿಂತ ಜಾಸ್ತಿ ಹುರುಳಿದೆ.

ಹಾಗಾಗಿ ಅವನ ಜೊತೆ ಜಗಳ ಬೇಡ. ಎಲ್ಲ ಕಂತು ಸೇರಿ ನಾಲ್ಕು ಗಂಟೆ ಅಷ್ಟೇ, ಒಂದು ಶನಿವಾರ ಜೊತೆಗೆ ಕೂತ್ಕೊಳ್ಳಿ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: ನಿನ್ನ ಕ್ಲಾಸಿನಲ್ಲಿ ದ್ವೀಪದ ಹುಡುಗರು ಇದ್ದಾರಾ, ಅವರನ್ನ ಏನಂತ ಕರೀತೀರಿ? ನಿಮ್ಮ ಮಗನನ್ನ ಅವರು ಏನಂತ ಕರೀತಾರೆ ಅನ್ನೋದೂ ಬಾಯಿಗೆ ಬರಬಹುದು, ಸಿದ್ಧವಾಗಿರಿ. ಹಾಂ, ಬೈಗುಳ ಧಾರಾಳವಾಗಿದೆ. ಅಜ್ಜಿ ಬಂದಿದ್ದರೆ ಅವರು ಮಲಗಿದ ಮೇಲೆ ಹಾಕಿ.