ಸಾರಿನಲ್ಲಿ ಪುಡಿ ಬೆರೆಸಿ ಕುಡಿತ ಬಿಡಿಸಬಹುದೇ?

ಪ್ರಶ್ನೆ: ನಮ್ಮ ಯಜಮಾನರಿಗೆ 43 ವರ್ಷ. ದಾವಣಗೆರೆ ಎಪಿಎಂಸಿಯಲ್ಲಿ ಹಮಾಲಿ ಕೆಲಸ. ದಿನಕ್ಕೆ ಎರಡು ಕ್ವಾರ್ಟರ್ ಕುಡಿಯುತ್ತಾರೆ. ದುಗ್ಗಮ್ಮನ ಜಾತ್ರೆಯಲ್ಲಿ ಆಣೆ ಮಾಡಿ ಒಂದೇ ಸಲ ಬಿಟ್ಟರು. ಎರಡನೇ ದಿನ ಫಿಟ್ಸ್ ಬಂತು. ಮೂರನೇ ರಾತ್ರಿ ಗೋಡೆ ತುಂಬ ಇರುವೆ ಅಂತ ಕೈಯಿಂದ ಒರೆಸತೊಡಗಿದರು. ಅತ್ತೆ ಗಾಳಿ ಸೋಕಿದೆ ಎಂದರು. ಮೈದುನ ಸ್ವಲ್ಪ ಕುಡಿಸಿದ, ಶಾಂತರಾದರು. ಈಗ ಮತ್ತೆ ಅದೇ ಕಥೆ. ಗೊತ್ತಾಗದಂತೆ ಸಾರಿಗೆ ಹಾಕುವ ಪುಡಿ ಸಿಗುತ್ತದಂತೆ. ಕೊಡಲೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಬೇಡ ಅಮ್ಮಾ. ಪುಡಿ ಯಾಕೆ ಬೇಡ ಅಂತ ಆಮೇಲೆ ಹೇಳುತ್ತೇನೆ. ಮೊದಲು ಆ ಮೂರನೇ ರಾತ್ರಿಯ ವಿಷಯ.

ಅದು ಗಾಳಿಯೂ ಅಲ್ಲ, ದುಗ್ಗಮ್ಮನ ಸಿಟ್ಟೂ ಅಲ್ಲ. ಒಂದು ಕ್ವಾರ್ಟರ್ ಅಂದರೆ 180 ಎಂಎಲ್. ವಿಸ್ಕಿ, ರಮ್ ಯಾವುದಾದರೂ ಅದರಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಎರಡಕ್ಕೆ 120 ಗ್ರಾಂ. ಆಲ್ಕೋಹಾಲ್ ಮೆದುಳನ್ನು ಮಂದ ಮಾಡುತ್ತದೆ. ದಿನಾ ಹೀಗಾದರೆ ಮೆದುಳು ಅದಕ್ಕೆ ಎದುರಾಗಿ ತನ್ನ ವೇಗ ಏರಿಸಿಕೊಳ್ಳುತ್ತದೆ. ನಿಮ್ಮ ಯಜಮಾನರು ಚೀಲ ಹೊತ್ತಾಗ ಮುಂದಕ್ಕೆ ಬಾಗಿ ನಡೆಯುತ್ತಾರೆ ಅಲ್ವಾ? ಹಿಂದಿನಿಂದ ಯಾರೋ ದಿಢೀರನೆ ಚೀಲ ಎಳೆದುಕೊಂಡರೆ ಮುಗ್ಗರಿಸುತ್ತಾರೆ. ಆಗಿದ್ದು ಅದೇ. ಕುಡಿತ ನಿಂತ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು ಶುರು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣುವುದು, ಇರುವ ಜಾಗವೇ ತಿಳಿಯದಿರುವುದು. ಚಿಕಿತ್ಸೆ ಸಿಗದಿದ್ದರೆ ಇದರಿಂದ ಜೀವವೇ ಹೋಗಬಹುದು. ನಿಮ್ಮ ಯಜಮಾನರ ಆಣೆ ಸುಳ್ಳಲ್ಲ, ಬಿಟ್ಟ ರೀತಿ ತಪ್ಪಾಯಿತು ಅಷ್ಟೇ.

ಇನ್ನು ಪುಡಿ. ಅದರೊಳಗೆ ಏನಿದೆ ಅಂತ ಕೊಡುವವರೂ ಸರಿಯಾಗಿ ಹೇಳುವುದಿಲ್ಲ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಎಂಬ ಮಾತ್ರೆ ಬೆರೆತಿದ್ದರೆ ಅಪಾಯ ಜಾಸ್ತಿ. ಅದು ಒಳ್ಳೆಯ ಔಷಧವೇ, ನಾವೂ ಕೊಡುತ್ತೇವೆ. ಆದರೆ ರೋಗಿಗೆ ತಿಳಿಸಿ, ಒಪ್ಪಿಸಿ, ಲಿವರ್ ಪರೀಕ್ಷೆ ಮಾಡಿಸಿ. (ಮೂಲದಲ್ಲಿ ಇದು ರಬ್ಬರ್ ಕಾರ್ಖಾನೆಯ ರಾಸಾಯನಿಕ. ಅಂಥ ಕಡೆ ಕೆಲಸ ಮಾಡುವವರಿಗೆ ಕುಡಿದರೆ ಮೈಗೆ ಆಗುತ್ತಿರಲಿಲ್ಲ!) ಇದು ದೇಹದಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿಯಬಹುದು. ಮಾತ್ರೆ ನಿಲ್ಲಿಸಿ ಎರಡು ವಾರವಾದರೂ ಹೀಗಾಗಬಹುದು. ಸಾರಿನಲ್ಲಿ ಏನಿತ್ತು ಅಂತ ಗೊತ್ತಿಲ್ಲದವರು ಸಂಜೆ ಸುಮ್ನೆ ಇರುತ್ತಾರೆಯೇ?

ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಮತ್ತೆ ಒಂದೇ ಏಟಿಗೆ ಬಿಡಿಸಲು ಹೋಗಬೇಡಿ. ಸಾಮಾನ್ಯವಾಗಿ ವಾರ, ಹತ್ತು ದಿನ ನಡುಕ, ಫಿಟ್ಸ್ ತಡೆಯುವ ಮಾತ್ರೆ ಕೊಟ್ಟು ಅದರ ಪ್ರಮಾಣವನ್ನು ನಿಧಾನಕ್ಕೆ ಇಳಿಸುತ್ತಾರೆ. ಜೊತೆಗೆ ಬಿ1 ವಿಟಮಿನ್ ಇಂಜೆಕ್ಷನ್. ಸುಸ್ತು ಅಂತ ಎಲ್ಲೋ ಗ್ಲೂಕೋಸ್ ಏರಿಸಿಕೊಳ್ಳುವುದಿದೆಯಲ್ಲ, ಕುಡಿಯುವವರಿಗೆ ಬಿ1 ಕೊಡದೆ ಅದನ್ನು ಏರಿಸಿದರೆ ನೆನಪಿನ ಶಕ್ತಿಗೇ ಪೆಟ್ಟು ಬೀಳಬಹುದು. ಹಾಗಾಗಿ ಯಾವ ಡಾಕ್ಟರ ಹತ್ತಿರ ಹೋದರೂ ಕುಡಿತವನ್ನು ಮುಚ್ಚಿಡಬೇಡಿ.

ಬರಲು ಒಪ್ಪದಿದ್ದರೆ ಕುಡಿತದ ಮಾತೇ ಎತ್ತಬೇಡಿ. 'ಕೈ ನಡುಗುತ್ತಲ್ಲ, ತೋರಿಸೋಣ' ಅನ್ನಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಫಿಟ್ಸ್ ಬಂದರೆ ಮಾತ್ರ ಕಾಯಬೇಡಿ, 108ಕ್ಕೆ ಹೇಳಿ.

ಆಸ್ಪತ್ರೆಗೆ ಮೈದುನನನ್ನೂ ಕರೆದುಕೊಂಡು ಹೋಗಿ. ಆ ರಾತ್ರಿ ಕಂಡಿದ್ದನ್ನು ಅವರೇ ಹೇಳಲಿ. ನಿಮ್ಮ ಯಜಮಾನರಿಗೆ ಅದು ನೆನಪಿರಲಿಕ್ಕಿಲ್ಲ.