ಓದುಗರ ಪ್ರಶ್ನೆ: ದೂರದ ಗುರಿ ಮತ್ತು ಪಾಯಿಂಟ್ 22 ರೈಫಲ್

ಪ್ರಶ್ನೆ: ನಾನು ಹುಬ್ಬಳ್ಳಿಯವನು, ಹನ್ನೆರಡು ವರ್ಷಗಳಿಂದ ಪುಣೆಯ ಕೊಥ್ರೂಡ್‌ನಲ್ಲಿದ್ದೇನೆ. ನನ್ನ ಪಾಯಿಂಟ್ 22 (0.22 ಇಂಚು ವ್ಯಾಸದ ಗುಂಡಿನ) ಬೋಲ್ಟ್ ಆ್ಯಕ್ಷನ್ ರೈಫಲಿನಿಂದ 50 ಮೀಟರ್ ದೂರದಲ್ಲಿ ಹತ್ತು ಗುಂಡುಗಳನ್ನು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂಡಿಸಬಲ್ಲೆ. 200 ಮೀಟರಿನಲ್ಲಿ ಮಾತ್ರ, ಮರಳುಚೀಲದ ಆಸರೆಯಿದ್ದರೂ, ಗುಂಡುಗಳು ಮೇಲೆ ಕೆಳಗೆ ಒಂದು ಗೇಣು ಹರಡುತ್ತವೆ; ಅಡ್ಡಕ್ಕೆ ಅಷ್ಟಿಲ್ಲ. ಸ್ಕೋಪ್ (ಗುರಿ ನೋಡುವ ದುರ್ಬೀನು) ಬದಲಿಸಲೇ ಅಥವಾ ಕೆಲವರು ಹೇಳುವಂತೆ ಹೆಚ್ಚು ವೇಗದ ತೋಟಾಗಳನ್ನು ಕೊಳ್ಳಲೇ?

ಉತ್ತರ: ಎರಡೂ ಬೇಡ. ಸ್ಕೋಪ್ ಸಡಿಲವಾಗಿದ್ದರೆ 50 ಮೀಟರಿನಲ್ಲೇ ಅದು ತಿಳಿಯುತ್ತಿತ್ತು ಮತ್ತು ಗುಂಡುಗಳು ಎಲ್ಲ ದಿಕ್ಕಿಗೂ ಚದುರುತ್ತಿದ್ದವು. ಗ್ರೂಪ್ (ಒಂದೇ ಗುರಿಗೆ ಹೊಡೆದ ಗುಂಡುಗಳ ಗುಂಪು) ಮೇಲೆ ಕೆಳಗೆ ಮಾತ್ರ ಬೆಳೆದಿದೆಯೆಂದರೆ, ಒಂದು ತೋಟಾದಿಂದ ಇನ್ನೊಂದಕ್ಕೆ ಗುಂಡಿನ ವೇಗ ಬದಲಾಗುತ್ತಿದೆ ಎಂದೇ ನಾನು ಮೊದಲು ಅನುಮಾನಿಸುತ್ತೇನೆ.

ಪಂದ್ಯಕ್ಕೆಂದು ತಯಾರಾದ ತೋಟಾದ 2.6 ಗ್ರಾಂ ತೂಕದ ಸೀಸದ ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ನಳಿಗೆಯಿಂದ ಹೊರಡುತ್ತದೆ. 50 ಮೀಟರಿಗೆ ಹೊಂದಿಸಿದ ರೈಫಲಿನಲ್ಲಿ ಅದು 100 ಮೀಟರಿಗೆ ಸುಮಾರು ಒಂದು ಗೇಣು, 200 ಮೀಟರಿಗೆ ಒಂದೂವರೆ ಮೀಟರಿನಷ್ಟು ಕೆಳಗಿಳಿದಿರುತ್ತದೆ. ಈಗ ಎರಡು ಗುಂಡುಗಳ ವೇಗದಲ್ಲಿ ಸೆಕೆಂಡಿಗೆ 15 ಮೀಟರ್ ವ್ಯತ್ಯಾಸವಿದೆ ಎನ್ನಿ. 50 ಮೀಟರಿನಲ್ಲಿ ಅವುಗಳ ಏರಿಳಿತ ಒಂದು ಸೆಂಟಿಮೀಟರ್ ಮಾತ್ರ, ಅದು ನಿಮ್ಮ ನಾಣ್ಯದೊಳಗೇ ಅಡಗಿಬಿಡುತ್ತದೆ. 200 ಮೀಟರಿನಲ್ಲಿ ಅದೇ ಸುಮಾರು 20 ಸೆಂಟಿಮೀಟರ್, ಅಂದರೆ ನೀವು ಬರೆದಿರುವ ಗೇಣು. ನಮ್ಮ ಪುಣೆಯ ಬಾಲೇವಾಡಿ ಕ್ರೀಡಾಸಂಕೀರ್ಣದಲ್ಲಿ ಅಭ್ಯಾಸ ಮಾಡಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆಯವರ 50 ಮೀಟರ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್ ಮಾತ್ರ. ಆ ಮಟ್ಟದವರು ತಮ್ಮ ರೈಫಲಿಗೆ ಒಗ್ಗುವ ತೋಟಾದ ಲಾಟನ್ನು (ಒಂದೇ ಬಾರಿಗೆ ತಯಾರಾದ ಕಂತನ್ನು) ಪರೀಕ್ಷಿಸಿಯೇ ಆರಿಸಿಕೊಳ್ಳುವುದು ಇದಕ್ಕಾಗಿ.

ಹೆಚ್ಚು ವೇಗದ ತೋಟಾ ನಿಮ್ಮ ಕಷ್ಟವನ್ನು ಹೆಚ್ಚಿಸುವ ಸಂಭವವೇ ಹೆಚ್ಚು. ಶಬ್ದದ ವೇಗವನ್ನು ಮೀರಿ ಹೊರಟ ಗುಂಡು ದಾರಿಯಲ್ಲಿ ನಿಧಾನವಾಗಿ ಆ ವೇಗಕ್ಕಿಂತ ಕೆಳಗಿಳಿಯುವಾಗ ಅಲುಗುತ್ತದೆ. ಹೊಸಬರಿಗೆ ನಂಬಲು ಕಷ್ಟವಾಗುವ ಇನ್ನೊಂದು ಮಾತಿದೆ: ಅಡ್ಡಗಾಳಿ ಗುಂಡನ್ನು ಎಷ್ಟು ತಳ್ಳುತ್ತದೆಂಬುದು ಅದು ಹಾರಿದ ಒಟ್ಟು ಸಮಯಕ್ಕಿಂತ, ಗಾಳಿಯ ತಡೆಯಿಂದ ಕಳೆದುಕೊಂಡ ಸಮಯವನ್ನು ಅವಲಂಬಿಸಿರುತ್ತದೆ. ವೇಗದ ಪಾಯಿಂಟ್ 22 ಗುಂಡು ಈ ತಡೆಯನ್ನು ಹೆಚ್ಚು ಅನುಭವಿಸುವುದರಿಂದ, ನಿಧಾನದ ಗುಂಡಿಗಿಂತ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ದೂರ ಎರಡು ಪಟ್ಟಾದರೆ ಈ ಸರಿತ ಸುಮಾರು ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಬೆಳಗಿನ ಗಾಳಿಯಿಲ್ಲದ ಹೊತ್ತಿನಲ್ಲೇ ಪರೀಕ್ಷೆ ಮಾಡಿ. ಬಿಸಿಲೇರಿದ ಮೇಲೆ ಸ್ಕೋಪಿನಲ್ಲಿ ಕಾಣುವ ಬಿಸಿಲ್ಗುದುರೆ (ಕಾದ ಗಾಳಿಯ ಅಲೆಯಾಟ) ಯಾವ ಕಡೆಗೆ ವಾಲುತ್ತಿದೆ ಎಂದು ನೋಡುವುದನ್ನು ರೂಢಿಸಿಕೊಳ್ಳಿ. ಬಾವುಟಕ್ಕಿಂತ ಎಷ್ಟೋ ಸಲ ಅದೇ ನಿಜ ಹೇಳುತ್ತದೆ.

ಪರೀಕ್ಷೆಗೆ ಪಂದ್ಯದ ದರ್ಜೆಯ ಎರಡು ಮೂರು ಲಾಟ್‌ಗಳನ್ನು ಒಂದೊಂದು ಡಬ್ಬಿಯಂತೆ ತನ್ನಿ. ಡಬ್ಬಿಯ ಮೇಲಿನ ಲಾಟ್ ಸಂಖ್ಯೆಯನ್ನು ಬರೆದಿಟ್ಟುಕೊಂಡು, 200 ಮೀಟರಿನಲ್ಲಿ ಪ್ರತಿಯೊಂದರಿಂದ ಹತ್ತರ ಎರಡು ಗ್ರೂಪ್ ಹೊಡೆದು, ಮೇಲಿನ ಮತ್ತು ಕೆಳಗಿನ ಗುಂಡುಗಳ ಅಂತರವನ್ನಷ್ಟೇ ಅಳೆಯಿರಿ. ಡಬ್ಬಿ ನೆರಳಿನಲ್ಲಿರಲಿ. ಬಿಸಿಲಲ್ಲಿಟ್ಟ ತೋಟಾದ ಮೇಣ ಕರಗಿ ಬೆರಳಿಗೆ ಅಂಟತೊಡಗಿದರೆ, ಒಳಗಿನ ಮದ್ದೂ ಬಿಸಿಯಾಗಿದೆ ಎಂದು ತಿಳಿಯಿರಿ; ಅದರ ವೇಗ ಬೇರೆಯೇ ಆಗುತ್ತದೆ. ಬೋಲ್ಟ್ (ತೋಟಾವನ್ನು ಒಳತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಭಾಗ) ಮುಚ್ಚಿ, ಕಾದ ನಳಿಗೆಯಲ್ಲಿ ತೋಟಾವನ್ನು ಬಹಳ ಹೊತ್ತು ಬಿಟ್ಟರೂ ಹಾಗೆಯೇ. ಗಾಳಿ ನಿಲ್ಲಲೆಂದು ಕಾಯುವುದಾದರೆ ಬೋಲ್ಟ್ ತೆರೆದಿಟ್ಟು ಕಾಯಿರಿ.

ಪ್ರಶ್ನೆ: ನಳಿಗೆಯನ್ನು ಶುಚಿಗೊಳಿಸಿದ ದಿನ ಮೊದಲ ಗುಂಡುಗಳು ದಾರಿ ತಪ್ಪುತ್ತವೆ. ಏಕೆ? (ಡೊಂಬಿವಲಿಯಿಂದ ಒಬ್ಬ ಓದುಗರು)

ಉತ್ತರ: ಗುಂಡಿನ ಮೇಣ ಮತ್ತು ಸೀಸದ ತೆಳುಲೇಪ ನಳಿಗೆಯೊಳಗೆ ಮತ್ತೆ ಕೂರುವವರೆಗೆ ಹಾಗಾಗುವುದು ಸಹಜ. ಅಭ್ಯಾಸದ ಗುರಿಗೆ ಹತ್ತಿಪ್ಪತ್ತು ಗುಂಡು ಹೊಡೆದ ಮೇಲಷ್ಟೇ ಲೆಕ್ಕಕ್ಕೆ ಹಿಡಿಯಿರಿ. ನಿಮ್ಮ ಕಡೆ ಮಳೆಗಾಲದಲ್ಲಿ ತುಕ್ಕಿನ ಭಯ ಇದ್ದೇ ಇರುವುದರಿಂದ ಎಣ್ಣೆ ಹಚ್ಚಿಡಿ, ಆದರೆ ಹೊಡೆಯುವ ಮುನ್ನ ಒಣಬಟ್ಟೆಯಿಂದ ನಳಿಗೆಯನ್ನು ಒರೆಸಿ. ಬೋಲ್ಟ್ ಹೊರತೆಗೆದು, ಶುಚಿಗೊಳಿಸುವ ಕಡ್ಡಿಯನ್ನು ಹಿಂಭಾಗದಿಂದಲೇ ಹಾಕಿ. ನಳಿಗೆಯ ಬಾಯಿಯ ಅಂಚು ಸವೆದರೆ ಅದನ್ನು ಯಾವ ತೋಟಾವೂ ಸರಿಪಡಿಸಲಾರದು.