ಪ್ರಕರಣ: ‘ತೋಟ ಇರುವವರಿಗೆ ವಿದ್ಯಾರ್ಥಿವೇತನ ಏಕೆ?’

ಈ ಹುಡುಗಿಯನ್ನು ಇಲ್ಲಿ ಭವ್ಯ ಎಂದು ಕರೆಯುತ್ತೇನೆ. ಊರು, ಮನೆ ಹೆಸರು, ಕಾಲೇಜು ಯಾವುದನ್ನೂ ಬರೆದಿಲ್ಲ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಂದೆ, ತಾಯಿ, ಮಗಳು ಮೂವರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ‘ನಮ್ಮಂಥ ಮನೆಗಳು ಇಲ್ಲಿ ಬಹಳ ಇವೆ, ಬರೆಯಿರಿ’ ಎಂದವರು ತಂದೆಯೇ.

ಭವ್ಯ ದಕ್ಷಿಣ ಕೊಡಗಿನ ಹುಡುಗಿ, ದ್ವಿತೀಯ ಪಿಯುಸಿ ವಿಜ್ಞಾನ. ಗಣಿತದಲ್ಲಿ ತರಗತಿಗೇ ಮುಂದು. ಸಿಇಟಿ ಅರ್ಜಿಯ ಕೊನೆಯ ದಿನ ಹತ್ತಿರ ಬಂದರೂ ಅವಳು ಅರ್ಜಿ ತುಂಬಿರಲಿಲ್ಲ. ಕೇಳಿದರೆ ‘ನನಗೆ ಇಂಜಿನಿಯರಿಂಗ್ ಇಷ್ಟವಿಲ್ಲ, ಇಲ್ಲೇ ಬಿ.ಕಾಂ. ಮಾಡುತ್ತೇನೆ’ ಎನ್ನುತ್ತಿದ್ದಳು. ಅವಳ ಉಪನ್ಯಾಸಕಿಗೆ ಇದು ನಂಬುವ ಮಾತು ಅನ್ನಿಸಲಿಲ್ಲ. ವಿದ್ಯಾರ್ಥಿಗಳಿಗೆ ಸಲಹೆ ಕೊಡುವ ನನ್ನ ಬಳಿ ಕಳಿಸಿದರು.

ಇಷ್ಟವಿಲ್ಲದವರು ಇಷ್ಟವಿಲ್ಲ ಎಂದು ಒಂದು ಸಲ ಹೇಳಿ ಸುಮ್ಮನಾಗುತ್ತಾರೆ. ಭವ್ಯ ಕಾರಣಗಳನ್ನು ಪಟ್ಟಿ ಮಾಡಿಕೊಂಡು ಬಂದಿದ್ದಳು. ಮೈಸೂರಿನಲ್ಲಿ ಪಿ.ಜಿ. ಬಾಡಿಗೆ ಎಷ್ಟು, ಊಟಕ್ಕೆ ಎಷ್ಟು, ನಾಲ್ಕು ವರ್ಷಕ್ಕೆ ಒಟ್ಟು ಎಷ್ಟು, ಎಲ್ಲವೂ ಬಾಯಿಪಾಠ. ಬೇಡವಾದ ಕೋರ್ಸಿಗೆ ಇಷ್ಟು ಲೆಕ್ಕ ಯಾರು ಹಾಕುತ್ತಾರೆ? ‘ಈ ಲೆಕ್ಕವನ್ನು ಅಪ್ಪನಿಗೆ ತೋರಿಸಿದ್ದೀಯಾ?’ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು. ಆಮೇಲೆ ಒಂದೊಂದಾಗಿ ಹೊರಬಂತು. ಸುಗ್ಗಿ ಹಬ್ಬ ಹುತ್ತರಿಗೆ ಮೊದಲೇ ಅಪ್ಪ ಕಾಫಿ ವ್ಯಾಪಾರಿಯಿಂದ ಮುಂಗಡ ತಂದದ್ದು ಅವಳಿಗೆ ಗೊತ್ತು. ಅಮ್ಮನ ಸರ ಸೊಸೈಟಿಯಲ್ಲಿ ಅಡವಿದೆ. ಮದುವೆ ಮನೆಗಳಿಗೆ ಅಮ್ಮ ಹಾಕಿಕೊಂಡು ಹೋಗುವುದು ಚಿನ್ನದ್ದಲ್ಲ. ಅಪ್ಪ ಮಾತ್ರ ‘ನೀನು ಓದು, ದುಡ್ಡಿನ ವಿಚಾರ ನಿನಗೆ ಬೇಡ’ ಎನ್ನುತ್ತಾರೆ. ಹಾಗಾಗಿ ಇವಳು ತನ್ನ ಆಸೆಯನ್ನೇ ಇಲ್ಲವಾಗಿಸಿಕೊಂಡಿದ್ದಳು. ನಿದ್ದೆ ಸರಿಯಿರಲಿಲ್ಲ, ಊಟ ಅರ್ಧಕ್ಕೆ ನಿಂತಿತ್ತು. ಇವು ಪರೀಕ್ಷೆಯ ಭಯದ ಲಕ್ಷಣ ಎಂದು ಮನೆಯವರು ತಿಳಿದಿದ್ದರು.

ತಂದೆ ತಾಯಿಯನ್ನು ಕರೆಸಲು ಅವಳ ಒಪ್ಪಿಗೆ ಕೇಳಿದೆ. ಸರದ ವಿಷಯ ತಾನು ಹೇಳಿದೆ ಎಂದು ಗೊತ್ತಾಗಬಾರದು ಎಂಬ ಷರತ್ತಿನ ಮೇಲೆ ಒಪ್ಪಿದಳು.

ತಂದೆಗೆ ಎರಡೂವರೆ ಎಕರೆ ರೊಬಸ್ಟಾ ಕಾಫಿ ತೋಟ, ಮರಗಳಿಗೆ ಹಬ್ಬಿಸಿದ ಕರಿಮೆಣಸು. ಕುರ್ಚಿಯ ತುದಿಯಲ್ಲಿ ಕುಳಿತಿದ್ದರು, ಕಣದಲ್ಲಿ ಕಾಫಿ ಒಣಗುತ್ತಿದೆ, ಬೇಗ ಹೋಗಬೇಕು ಎಂದರು. ವಿದ್ಯಾರ್ಥಿವೇತನದ ಮಾತು ಎತ್ತುತ್ತಲೇ ಮುಖ ಬಿಗಿಯಾಯಿತು. ‘ಮೇಡಂ, ನಾವು ಕೈಚಾಚುವ ಜನ ಅಲ್ಲ. ತೋಟದ ಕಾರ್ಮಿಕರ ಲೈನ್ ಮನೆಯ ಮಕ್ಕಳಿಗೆ ಸಿಗಬೇಕಾದ ದುಡ್ಡು ಅದು. ತೋಟ ಇರುವವರಿಗೆ ವಿದ್ಯಾರ್ಥಿವೇತನ ಏಕೆ? ನಾಳೆ ನಾಡಕಚೇರಿಯಲ್ಲಿ ಯಾರಾದರೂ ನೋಡಿದರೆ?’

ಈ ಮಾತನ್ನು ಕೊಡಗಿನಲ್ಲಿ ನಾನು ಬಹಳ ಮನೆಗಳಿಂದ ಕೇಳಿದ್ದೇನೆ. ಹೊರಗಿನವರಿಗೆ ಕಾಫಿ ತೋಟ ಎಂದರೆ ಸಿರಿವಂತಿಕೆ. ಆ ಹೆಸರನ್ನು ಉಳಿಸಿಕೊಳ್ಳಲು ಸಣ್ಣ ಬೆಳೆಗಾರರು ಪಡುವ ಪಾಡು ಯಾರಿಗೂ ಕಾಣುವುದಿಲ್ಲ. ಅವರ ಅಭಿಮಾನವನ್ನು ನಾನು ಮುರಿಯಲು ಹೋಗಲಿಲ್ಲ. ಲೈನ್ ಮನೆಯ ಮಕ್ಕಳ ಬಗ್ಗೆ ಅವರಿಗಿದ್ದ ಕಾಳಜಿಯೂ ಸುಳ್ಳಲ್ಲ. ನಾನು ಹೇಳಿದ್ದು ಇಷ್ಟೇ: ‘ಅರ್ಜಿಯಲ್ಲಿ ನಿಮ್ಮ ಮನೆತನ ಎಂಥದ್ದು ಎಂದು ಕೇಳುವುದಿಲ್ಲ, ವರ್ಷಕ್ಕೆ ಕೈಗೆ ಎಷ್ಟು ಬರುತ್ತದೆ ಎಂದು ಕೇಳುತ್ತಾರೆ. ಅದನ್ನು ಮೊದಲು ನಾವೇ ನೋಡೋಣ. ಮಿತಿಗಿಂತ ಹೆಚ್ಚಿದ್ದರೆ ಅರ್ಜಿಯೇ ಬೇಡ.’

ಮುಂದಿನ ಭೇಟಿಗೆ ಅವರು ವ್ಯಾಪಾರಿ ಕೊಟ್ಟ ಚೀಟಿ ತಂದರು. ಕಾರ್ಬನ್ ಪ್ರತಿ, ನೀಲಿ ಶಾಯಿ ಮಾಸಿತ್ತು. ಚೀಲ 38, ಔಟ್‌ಟರ್ನ್ (ಒಂದು ಚೀಲ ಒಣ ಕಾಫಿಯಿಂದ ಸಿಗುವ ಬೀಜದ ತೂಕ) 26.5, ತೇವಾಂಶಕ್ಕೆ ಕಡಿತ, ಕೆಳಗೆ ‘ಮುಂಗಡ ವಜಾ’ ಎಂದು ದೊಡ್ಡದೊಂದು ಅಂಕಿ. ಅದರ ಹಿಂಬದಿಯಲ್ಲೇ ಲೆಕ್ಕ ಬರೆದೆವು. ಕಾಫಿ, ಮೆಣಸು ಸೇರಿ ಬಂದದ್ದು ಒಂದು ಕಡೆ. ಕೊಯ್ಲಿನ ಕೂಲಿ, ಗೊಬ್ಬರ, ನೆರಳಿನ ಮರಗಳ ಕೊಂಬೆ ಕಡಿಸುವ ಮರಗಸಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್‌ಗೆ ಸುರಿದ ಡೀಸೆಲ್ ಇನ್ನೊಂದು ಕಡೆ. ತಂದೆ ಹೇಳುತ್ತಿದ್ದರು, ಭವ್ಯ ಕೂಡುತ್ತಿದ್ದಳು. ನಡುವೆ ತಾಯಿ, ಅಲ್ಲಿಯವರೆಗೆ ಒಂದೂ ಮಾತನಾಡದವರು, ‘ಸರದ ಬಡ್ಡಿ ಬರೆಯಲಿಲ್ಲ’ ಎಂದರು. ತಂದೆ ಮಗಳ ಕಡೆ ನೋಡಿದರು. ಮಗಳು ಕಾಗದದ ಕಡೆ ನೋಡಿದಳು. ಯಾರೂ ವಿವರಣೆ ಕೇಳಲಿಲ್ಲ.

ಉಳಿದದ್ದು 2 ಲಕ್ಷ 80 ಸಾವಿರದ ಆಸುಪಾಸು. ಸಾಲದ ಕಂತು ಕಳೆದರೆ ಅರ್ಧವೂ ಉಳಿಯದು ಎಂದರು ತಂದೆ. ಇದನ್ನು ಬಿಡಿಸಿ ಹೇಳಬೇಕಾಯಿತು: ಬೆಳೆ ತೆಗೆಯಲು ಆದ ಖರ್ಚು ಬೇರೆ, ಸಾಲದ ಮರುಪಾವತಿ ಬೇರೆ. ಸಾಲ ಇದೆ ಎಂದು ಆದಾಯ ಕಡಿಮೆಯಾಗುವುದಿಲ್ಲ. ಅಷ್ಟರಲ್ಲಿ ಅವರ ಭಾವನೊಬ್ಬ ‘90 ಸಾವಿರ ಎಂದು ಬರೆಸಿಕೊಂಡು ಬಾ, ಎಲ್ಲ ಸಿಗುತ್ತದೆ’ ಎಂದು ಸಲಹೆ ಕೊಟ್ಟಿದ್ದ. ಇದಕ್ಕೆ ನನ್ನ ಉತ್ತರ ಖಂಡಿತವಾಗಿತ್ತು. ಸುಳ್ಳು ಆದಾಯ ಪತ್ರ ರದ್ದಾದರೆ ಕೊಟ್ಟ ಹಣವನ್ನು ವಾಪಸು ಕೇಳುತ್ತಾರೆ; ಆ ಪತ್ರದ ಮೇಲೆ ಸಿಕ್ಕ ಸೀಟೂ ಅಲುಗಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ಮನೆಗೆ ಸುಳ್ಳಿನ ಅಗತ್ಯವೇ ಇರಲಿಲ್ಲ. ನಿಜವಾದ ಅಂಕಿಗೇ ಸಾಕಷ್ಟು ದಾರಿಗಳಿದ್ದವು.

ರಾಜ್ಯದ ವಿದ್ಯಾರ್ಥಿವೇತನ ತಂತ್ರಾಂಶ ಎಸ್‌ಎಸ್‌ಪಿಯಲ್ಲಿ ಪ್ರವರ್ಗಕ್ಕೊಂದು, ಯೋಜನೆಗೊಂದು ಆದಾಯ ಮಿತಿ ಇದೆ. ಕೆಲವು ಇವರಿಗೆ ಒದಗುವುದಿಲ್ಲ. ಅದನ್ನು ಮೊದಲೇ ಹೇಳಿ ಆಸೆ ಕಡಿದೆ. ಒದಗುವ ದಾರಿಗಳಲ್ಲಿ ದೊಡ್ಡದು ಸಿಇಟಿಯಲ್ಲೇ ಇತ್ತು. ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟುಗಳಿಗೆ ಬೋಧನಾ ಶುಲ್ಕವಿಲ್ಲ. ಕೋರ್ಸಿನ ಸೀಟುಗಳ ಮೇಲೆ ಶೇ. 5ರಷ್ಟು ಇವನ್ನು ಕೊಡುತ್ತಾರೆ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರಬೇಕು. ಬಹಳ ಮನೆಯವರು ಸೀಟು ಸಿಕ್ಕಿದ ಮೇಲೆ ಆದಾಯ ಪತ್ರಕ್ಕೆ ಓಡುತ್ತಾರೆ. ಆಗ ಹೊತ್ತು ಮೀರಿರುತ್ತದೆ. ಅರ್ಜಿ ತುಂಬುವಾಗಲೇ ಆ ಕಾಲಂಗೆ ‘ಹೌದು’ ಎಂದು ಗುರುತು ಮಾಡಿ, ಆದಾಯ ಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಕೈಯಲ್ಲಿ ಇಟ್ಟುಕೊಂಡಿರಬೇಕು. ಒಮ್ಮೆ ಪಡೆದ ಆದಾಯ ಪತ್ರ 5 ವರ್ಷ ನಡೆಯುತ್ತದೆ. ನಾಡಕಚೇರಿಗೆ ಹೋಗಲು ತಂದೆಗೆ ಇದ್ದ ಸಂಕೋಚಕ್ಕೆ ಈ ಮಾತು ಸ್ವಲ್ಪ ಔಷಧವಾಯಿತು: ಒಂದೇ ಸಲ ಹೋದರೆ ಡಿಗ್ರಿ ಮುಗಿಯುತ್ತದೆ.

ಎರಡನೆಯದು ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ. ತಾಂತ್ರಿಕ ಕೋರ್ಸ್ ಸೇರುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ರೂಪಾಯಿ, ಆದಾಯ ಮಿತಿ ಇಲ್ಲಿಯೂ 8 ಲಕ್ಷ, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳವರೆಗೆ. ಅರ್ಜಿ ರಾಷ್ಟ್ರೀಯ ಪೋರ್ಟಲ್ ಎನ್‌ಎಸ್‌ಪಿಯಲ್ಲಿ. ಅಂಕದ ಆಧಾರದ ಆಯ್ಕೆ, ಹಾಗಾಗಿ ಬಂದೇ ಬರುತ್ತದೆ ಎಂದು ಬಜೆಟ್ ಮಾಡಬೇಡಿ ಎಂದೆ. ಎರಡು ಸರ್ಕಾರಿ ವಿದ್ಯಾರ್ಥಿವೇತನಗಳನ್ನು ಒಟ್ಟಿಗೆ ಪಡೆಯಲು ಹೆಚ್ಚಿನ ಯೋಜನೆಗಳು ಬಿಡುವುದಿಲ್ಲ. ನಿಬಂಧನೆ ಓದಿ ಲಾಭದ್ದನ್ನು ಆರಿಸಿಕೊಳ್ಳಬೇಕು. ಅಜೀಂ ಪ್ರೇಮ್‌ಜಿ ಫೌಂಡೇಶನ್ ಹೆಣ್ಣುಮಕ್ಕಳಿಗೆ ಕೊಡುವ ವರ್ಷಕ್ಕೆ 30,000 ರೂಪಾಯಿಯ ನೆರವು ಭವ್ಯಳಿಗೆ ಸಿಗಲಿಲ್ಲ. ಅದಕ್ಕೆ ಹತ್ತನೆಯ ಮತ್ತು ಹನ್ನೆರಡನೆಯ ತರಗತಿ ಸರ್ಕಾರಿ ಸಂಸ್ಥೆಯಲ್ಲಿ ಓದಿರಬೇಕು. ಸಾಲ ಮಾಡಿಯಾದರೂ ಮಗಳನ್ನು ಖಾಸಗಿ ಹೈಸ್ಕೂಲಿಗೆ ಹಾಕಿದ್ದರು ತಂದೆ. ಅದನ್ನು ಕೇಳಿ ಅವರು ನಕ್ಕ ನಗೆ ಅಷ್ಟು ಖುಷಿಯದ್ದಾಗಿರಲಿಲ್ಲ.

ರೈತ ವಿದ್ಯಾನಿಧಿಯ ವಿಷಯಕ್ಕೆ ಬಂದಾಗ ನಿಜವಾದ ಗಂಟು ಸಿಕ್ಕಿತು. ಇಂಜಿನಿಯರಿಂಗ್ ಓದುವ ರೈತರ ಹೆಣ್ಣುಮಕ್ಕಳಿಗೆ ಇದರಲ್ಲಿ ವರ್ಷಕ್ಕೆ 11,000 ರೂಪಾಯಿ. ಆದರೆ ತಂದೆ ಅಥವಾ ತಾಯಿಗೆ ‘ಫ್ರೂಟ್ಸ್’ ತಂತ್ರಾಂಶದ ರೈತ ಗುರುತಿನ ಸಂಖ್ಯೆ, ಎಫ್‌ಐಡಿ, ಬೇಕು. ಎಫ್‌ಐಡಿಗೆ ಪಹಣಿಯಲ್ಲಿ ಹೆಸರು ಬೇಕು. ಇವರದ್ದು ಜಮ್ಮಾ ಜಮೀನು, ಕೊಡಗಿನಲ್ಲಿ ಇಡೀ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಸೇರಿದ್ದು. ಪಹಣಿ ಇನ್ನೂ ತೀರಿಹೋದ ದೊಡ್ಡಜ್ಜನ ಹೆಸರಿನಲ್ಲಿ, ಪಟ್ಟೆದಾರರು, ಅಂದರೆ ಕುಟುಂಬದ ಯಜಮಾನರು ಎಂದು. ಎರಡು ದಶಕದಿಂದ ಉಳುವವರು, ಕೊಯ್ಯುವವರು, ಸಾಲ ಮಾಡುವವರು ಇವರೇ. ಕಾಗದದಲ್ಲಿ ಮಾತ್ರ ಇವರಿಲ್ಲ. ವಂಶವೃಕ್ಷ ಮಾಡಿಸಿ ಖಾತೆ ಬದಲಿಸಬೇಕೆಂದರೆ ಭವ್ಯಳ ದೊಡ್ಡಪ್ಪ, ಬೆಂಗಳೂರಿನಲ್ಲಿರುವ ಚಿಕ್ಕಪ್ಪ ಎಲ್ಲರೂ ಒಪ್ಪಬೇಕು. ದೊಡ್ಡಪ್ಪನ ಜೊತೆ ಬೇಲಿಯ ವಿಷಯಕ್ಕೆ ಮಾತು ನಿಂತು ವರ್ಷಗಳಾಗಿವೆ. 11,000 ರೂಪಾಯಿಗಾಗಿ ಅಣ್ಣನ ಮನೆ ಮೆಟ್ಟಿಲು ಹತ್ತುವುದಿಲ್ಲ ಎಂದರು ತಂದೆ. ಹತ್ತಬೇಡಿ, ಈ ವರ್ಷದ ಲೆಕ್ಕಕ್ಕೆ ಇದನ್ನು ಸೇರಿಸಲೇಬೇಡಿ ಎಂದೆ. ಆದರೆ ಜಮೀನಿನ ಕಾಗದ ಸರಿಮಾಡುವುದು ವಿದ್ಯಾರ್ಥಿವೇತನಕ್ಕಿಂತ ದೊಡ್ಡ ಕೆಲಸ, ಅದನ್ನು ಮಕ್ಕಳ ತಲೆಮಾರಿಗೆ ಬಿಟ್ಟರೆ ಸಹಿ ಹಾಕಬೇಕಾದವರ ಸಂಖ್ಯೆ ಇನ್ನೂ ಬೆಳೆಯುತ್ತದೆ ಎಂದೂ ಹೇಳಿದೆ.

ಬ್ಯಾಂಕ್ ಸಾಲದ ಭಯ ಹುಟ್ಟಿದ್ದೂ ಇದೇ ಪಹಣಿಯಿಂದ. ಬ್ಯಾಂಕಿನವರು ಜಮೀನಿನ ದಾಖಲೆ ಕೇಳುತ್ತಾರೆ, ನಮ್ಮ ಹೆಸರಿನಲ್ಲಿ ಇಲ್ಲ, ಮಾನ ಹೋಗುತ್ತದೆ ಎಂದು ಅವರು ವಿಚಾರಿಸಲೇ ಇಲ್ಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷದವರೆಗೆ ಆಸ್ತಿ ಅಡವಿನ ಅಗತ್ಯವಿಲ್ಲ. 4 ಲಕ್ಷದವರೆಗೆ ಕೈಯಿಂದ ಪಾಲು ಹಾಕಬೇಕಾಗಿಯೂ ಇಲ್ಲ. ಪೋಷಕರು ಸಹ-ಸಾಲಗಾರರಾಗಿ ಸಹಿ ಹಾಕಬೇಕು. ಓದು ಮುಗಿದು ಒಂದು ವರ್ಷದ ನಂತರ ಮರುಪಾವತಿ ಶುರು. ಆದಾಯ 4.5 ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವೃತ್ತಿಪರ ಕೋರ್ಸ್ ಓದಿದರೆ ಅಲ್ಲಿಯವರೆಗಿನ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆಯೂ ಇದೆ. ಆದರೆ ಪೂರ್ತಿ ಸಾಲದ ಮೇಲೆ ನಿಲ್ಲಬೇಡಿ, ಹಾಸ್ಟೆಲ್ ಮತ್ತು ಲ್ಯಾಪ್‌ಟಾಪ್‌ಗೆ ಬೇಕಾದಷ್ಟೇ ಕೇಳಿ ಎಂದು ನನ್ನ ಅಭಿಪ್ರಾಯ ಹೇಳಿದೆ.

ಇನ್ನೊಂದು ಸಲಹೆ ಕೊಡಗಿನ ಬೆಳೆಗಾರರಿಗೆಂದೇ ಇರುವಂಥದ್ದು. ರೊಬಸ್ಟಾ ಮಾರಿದ ಹಣ ಕೈಗೆ ಬರುವುದು ಫೆಬ್ರುವರಿ, ಮಾರ್ಚ್‌ನಲ್ಲಿ. ಕಾಲೇಜಿನ ಹಣ ಕಟ್ಟಬೇಕಾಗುವುದು ಮಳೆಗಾಲದಲ್ಲಿ, ಕೈ ಪೂರ್ತಿ ಬರಿದಾಗಿರುವಾಗ. ಸೀಟು ಹಂಚಿಕೆಯಾದ ಮೇಲೆ ಹಣ ಕಟ್ಟಲು ಸಿಗುವುದು ಕೆಲವೇ ದಿನ. ವಿದ್ಯಾರ್ಥಿವೇತನವೋ, ಅದು ಬರುವುದು ವರ್ಷದ ಕೊನೆಗೆ, ಕೆಲವೊಮ್ಮೆ ಅದಕ್ಕೂ ಆಮೇಲೆ. ಆದ್ದರಿಂದ ಕಾಲೇಜಿನ ಮೊದಲ ಕಂತಿನ ಹಣವನ್ನು ಮಾರ್ಚ್‌ನಲ್ಲೇ ಠೇವಣಿ ಇಡಿ, ಗೊಬ್ಬರದಂಗಡಿಯ ಬಾಕಿಗೆ ಅದನ್ನು ಮುಟ್ಟಬೇಡಿ ಎಂದೆ. ಕಾಗದಪತ್ರಗಳನ್ನೂ ಮೇ ತಿಂಗಳೊಳಗೆ ಮುಗಿಸಲು ಹೇಳಿದೆ; ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ವಿದ್ಯುತ್ ಹೋದರೆ ಯಾವಾಗ ಬರುತ್ತದೋ, ಪೋರ್ಟಲ್ ತೆರೆಯುತ್ತದೋ ಇಲ್ಲವೋ ಯಾರಿಗೆ ಗೊತ್ತು.

ಕಾಗದಗಳಲ್ಲಿ ಎರಡು ತೊಡಕು ಕಂಡವು. ಆಧಾರ್‌ನಲ್ಲಿ ಮನೆ ಹೆಸರು ಮೊದಲು, ಆಮೇಲೆ ಭವ್ಯ. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಮನೆ ಹೆಸರಿನ ಒಂದು ಅಕ್ಷರ ಮಾತ್ರ. ನಮ್ಮ ಜಿಲ್ಲೆಯಲ್ಲಿ ಈ ತೊಂದರೆ ಇಲ್ಲದ ಮನೆ ಕಡಿಮೆ. ಆಧಾರ್‌ನಲ್ಲಿ ಹೆಸರು ತಿದ್ದಲು ಎರಡೇ ಅವಕಾಶ, ಹಾಗಾಗಿ ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ತಿದ್ದಿಸಿ ಎಂದೆ. ಬ್ಯಾಂಕ್ ಖಾತೆ ಶಾಲೆಯ ದಿನಗಳದ್ದು, ಬಳಕೆಯಿಲ್ಲದೆ ನಿಂತಿತ್ತು. ಖಾತೆ ಇದ್ದರೆ ಸಾಲದು, ಆಧಾರ್ ಬ್ಯಾಂಕುಗಳ ಪಾವತಿ ವ್ಯವಸ್ಥೆ ನೋಡಿಕೊಳ್ಳುವ ಎನ್‌ಪಿಸಿಐನಲ್ಲಿ ಆ ಖಾತೆಗೇ ಜೋಡಣೆಯಾಗಿರಬೇಕು. ಇಲ್ಲವಾದರೆ ಮಂಜೂರಾದ ಹಣ ಖಾತೆಗೆ ಬೀಳುವುದಿಲ್ಲ.

ಭವ್ಯಳ ಜೊತೆ ಬೇರೆಯಾಗಿ ಮಾತನಾಡಿದೆ. ಮನೆಯ ಲೆಕ್ಕ ತಿಳಿದುಕೊಳ್ಳುವ ಹಕ್ಕು ಅವಳಿಗಿದೆ, ಸಾಲ ತೀರಿಸುವ ಹೊಣೆ ಈಗ ಅವಳದ್ದಲ್ಲ. ಈ ಎರಡರ ನಡುವಿನ ಗೆರೆ ಅವಳಿಗೆ ಕಾಣುತ್ತಿರಲಿಲ್ಲ. ‘ನಾನು ಓದಲು ಹೋದರೆ ಅಮ್ಮನ ಸರ ಬಿಡಿಸುವುದು ಇನ್ನೂ ತಡವಾಗುತ್ತದೆ’ ಎಂದಳು. ಇರಬಹುದು ಎಂದೆ. ಹಾಗಾಗುವುದಿಲ್ಲ ಎಂದು ಸುಳ್ಳು ಸಮಾಧಾನ ಹೇಳಿದರೆ ಲೆಕ್ಕದಲ್ಲಿ ಇಷ್ಟು ಚುರುಕಾದ ಹುಡುಗಿ ನನ್ನನ್ನು ಮತ್ತೆ ನಂಬುವುದಿಲ್ಲ. ಆ ನಿರ್ಧಾರ ಅಮ್ಮನದ್ದು, ಅವರನ್ನೇ ಕೇಳು ಎಂದೆ. ಕೇಳಿದಳಂತೆ. ‘ಸರ ಎಲ್ಲಿಗೂ ಓಡಿಹೋಗುವುದಿಲ್ಲ, ನೀನು ಅರ್ಜಿ ಹಾಕು’ ಎಂದರಂತೆ ತಾಯಿ. ಅರ್ಜಿಗಳನ್ನೆಲ್ಲ ಅವಳೇ ತುಂಬಬೇಕು, ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಸೈಬರ್ ಅಂಗಡಿಯವನ ಮೊಬೈಲ್‌ನಲ್ಲಿ ಇರಬಾರದು ಎಂದೂ ತಾಕೀತು ಮಾಡಿದೆ. ನಿದ್ದೆ ಮಾರ್ಚ್ ಹೊತ್ತಿಗೆ ತಾನಾಗಿಯೇ ಸರಿಹೋಯಿತು. ಅದಕ್ಕೆ ಬೇರೆ ಚಿಕಿತ್ಸೆ ಬೇಕಾಗಲಿಲ್ಲ.

ಸಿಇಟಿಯ ಎರಡನೆಯ ಸುತ್ತಿನಲ್ಲಿ ಭವ್ಯಳಿಗೆ ಮೈಸೂರಿನ ಕಾಲೇಜೊಂದರಲ್ಲಿ ಎಸ್‌ಎನ್‌ಕ್ಯೂ ಸೀಟು ಸಿಕ್ಕಿತು, ಅವಳು ಬಯಸಿದ ಕಂಪ್ಯೂಟರ್ ವಿಜ್ಞಾನವಲ್ಲ, ಎಲೆಕ್ಟ್ರಾನಿಕ್ಸ್. ಬೋಧನಾ ಶುಲ್ಕ ಇಲ್ಲದಿದ್ದರೂ ಇತರ ಶುಲ್ಕಗಳಿದ್ದವು. ಠೇವಣಿಯ ಹಣ ಅದಕ್ಕೆ ಸರಿಹೋಯಿತು. ಹಿಂದುಳಿದ ವರ್ಗಗಳ ಹಾಸ್ಟೆಲ್‌ನ ಪಟ್ಟಿಯಲ್ಲಿ ಹೆಸರು ಬರಲಿಲ್ಲ, ಈಗ ಪಿ.ಜಿ.ಯಲ್ಲಿದ್ದಾಳೆ, ಅದಕ್ಕೆ ಸಣ್ಣದೊಂದು ಶಿಕ್ಷಣ ಸಾಲ ಮಂಜೂರಾಗಿದೆ. ಪ್ರಗತಿಯ ಅರ್ಜಿ ಕಾಲೇಜಿನ ಪರಿಶೀಲನೆ ದಾಟಿ ಮುಂದಕ್ಕೆ ಹೋಗಿದೆ, ಫಲಿತಾಂಶ ಬಂದಿಲ್ಲ. ಮುಂದಿನ ವರ್ಷದ ನವೀಕರಣಕ್ಕೆ ಅಂಕಪಟ್ಟಿ ಬೇಕಾಗುವುದರಿಂದ ಮೊದಲ ಸೆಮಿಸ್ಟರ್‌ನಲ್ಲಿ ಯಾವ ವಿಷಯವನ್ನೂ ಬಾಕಿ ಉಳಿಸಿಕೊಳ್ಳಬೇಡ ಎಂದು ಹೇಳಿ ಕಳಿಸಿದ್ದೇನೆ. ತಂದೆ ಅಣ್ಣನ ಮನೆಗೆ ಕೊನೆಗೂ ಹೋದರು, ಒಬ್ಬರೇ ಅಲ್ಲ, ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು. ವಂಶವೃಕ್ಷದ ಅರ್ಜಿಗೆ ದೊಡ್ಡಪ್ಪನ ಸಹಿ ಬಿದ್ದಿದೆ. ಬೇಲಿಯ ಮಾತು ಇನ್ನೂ ಮುಗಿದಿಲ್ಲ. ಬೆಂಗಳೂರಿನ ಚಿಕ್ಕಪ್ಪ ಬೇಸಿಗೆ ರಜೆಗೆ ಬರುವಾಗ ಸಹಿ ಹಾಕುತ್ತೇನೆ ಎಂದಿದ್ದಾರೆ.